ಟ್ಯಾಕ್ಸಿ ಓಡಿಸೋಕೆ ನಿಜವಾಗಿ ಏನೇನು ಬೇಕು? ಬ್ಯಾಡ್ಜ್, ಎಂಟನೇ ಕ್ಲಾಸ್ ಟಿಸಿ ಎಲ್ಲ ಕೇಳ್ತಿದ್ದಾರೆ

ಕೊಳ್ಳೇಗಾಲದ ಹುಡುಗ

ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ. ಬೆಂಗಳೂರಿಗೆ ಬಂದು ಆರು ವರ್ಷ ಆಯ್ತು, ಇರೋದು ಹೆಗ್ಗನಹಳ್ಳಿ ಕ್ರಾಸ್ ಹತ್ತಿರ. ಮೂರು ವರ್ಷದಿಂದ ಬೈಕಲ್ಲಿ ಪಾರ್ಸೆಲ್ ಹಾಕ್ತಿದ್ದೆ. ಹೋದ ಮಳೆಗಾಲದಲ್ಲಿ ಸುಮನಹಳ್ಳಿ ಬ್ರಿಡ್ಜ್ ಮೇಲೆ ಜಾರಿ ಬಿದ್ದು ಮೊಣಕಾಲಿನ ಚಿಪ್ಪು ಬಿರುಕು ಬಿಟ್ಟಿತು. ಈಗ ವಾಸಿ, ಆದರೆ ದಿನವಿಡೀ ಬೈಕ್ ಓಡಿಸಿದರೆ ಸಂಜೆಗೆ ಕಾಲು ಮಡಚೋಕೆ ಆಗಲ್ಲ. ಮನೇಲಿ ಎಲ್ಲರೂ ಕಾರ್ ಓಡಿಸು ಅಂತಿದ್ದಾರೆ.

ಕಾರು ಚೆನ್ನಾಗಿ ಬರುತ್ತೆ. ಮಾವನ ಓಮ್ನಿಯಲ್ಲಿ ಕಲಿತಿದ್ದು. ಎಲ್‌ಎಂವಿ (ಕಾರಿನಂಥ ಹಗುರ ಗಾಡಿ) ಡಿಎಲ್ ಆಗಿ ಎರಡು ವರ್ಷ ಮೂರು ತಿಂಗಳು. ಬಾಡಿಗೆ ಗಾಡಿಗೆ ಏನು ಮಾಡಿಸಬೇಕು ಅಂತ ಆರ್‌ಟಿಒ ಮುಂದೆ ಕೂರೋ ಒಬ್ಬ ಏಜೆಂಟ್‌ನ ಕೇಳಿದೆ. "ಬ್ಯಾಡ್ಜ್ ಇಲ್ದೆ ಹಳದಿ ಬೋರ್ಡ್ ಮುಟ್ಟೋ ಹಾಗೇ ಇಲ್ಲ, ಬ್ಯಾಡ್ಜ್‌ಗೆ ಎಂಟನೇ ಕ್ಲಾಸ್ ಟಿಸಿ ಬೇಕೇ ಬೇಕು" ಅಂದರು. ಬ್ಯಾಡ್ಜ್ ಅಂದರೆ ಬಾಡಿಗೆ ಗಾಡಿ ಓಡಿಸೋರಿಗೆ ಆರ್‌ಟಿಒ ಕೊಡೋ ಗುರುತಿನ ಬಿಲ್ಲೆ. ನಾನು ಓದಿರೋದು ಏಳು. ಅಪ್ಪ ತೀರಿಕೊಂಡ ಮೇಲೆ ಸ್ಕೂಲ್ ಬಿಟ್ಟೆ. ಹಾಗಂತ ಹೇಳಿದ್ದಕ್ಕೆ "ಟಿಸಿನೂ ನಾವೇ ಮಾಡಿಸ್ಕೊಡ್ತೀವಿ, ಎಲ್ಲ ಸೇರಿ ಒಂಬತ್ತು ಸಾವಿರ" ಅಂದರು. ಸುಳ್ಳು ಕಾಗದ ಇಟ್ಟುಕೊಂಡು ಹೊಸ ಕೆಲಸ ಶುರು ಮಾಡೋಕೆ ಮನಸ್ಸು ಒಪ್ಪಲಿಲ್ಲ, ಎದ್ದು ಬಂದೆ.

ಇನ್ನೊಂದು ವಿಷಯ. ಕೈಯಲ್ಲಿ 1 ಲಕ್ಷ 40 ಸಾವಿರ ಉಳಿಸಿಟ್ಟಿದ್ದೀನಿ. ಅಷ್ಟು ಕಟ್ಟಿದರೆ ಮಿಕ್ಕಿದ್ದು ಲೋನ್ ಮಾಡಿ ಹೊಸ ಗಾಡಿ ಕೊಡ್ತೀವಿ ಅಂತ ಶೋರೂಮಿನವರು ದಿನಾ ಫೋನ್ ಮಾಡ್ತಿದ್ದಾರೆ. ತಗೊಳ್ಳಲಾ? ಇಲ್ಲಿ ಗಾಡಿ ಓಡಿಸೋ ಅಣ್ಣಂದಿರು ಅಕ್ಕಂದಿರು ದಯವಿಟ್ಟು ದಾರಿ ಹೇಳಿ.

ಕೆ.ಆರ್.ಪುರದ ಕ್ಯಾಬ್

ಎದ್ದು ಬಂದಿದ್ದು ಒಳ್ಳೇದಾಯ್ತು ತಮ್ಮ. ಆ ಒಂಬತ್ತು ಸಾವಿರ ಯಾರಿಗೂ ಕೊಡಬೇಡ. ಟಿಸಿ ವಿಷಯ ಹಳೇ ಕಥೆ. ಮಾಸ್ತರರು ಬಂದು ವಿವರ ಹೇಳ್ತಾರೆ, ಕಾಯಿ.

ಧಾರವಾಡ ಮಾಸ್ತರ

ತಮ್ಮಾ, ನಾ ಧಾರವಾಡದಾಗ ಹದಿನೆಂಟು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡಸಾಕತ್ತೀನಿ. ವಾರಕ್ಕೊಬ್ಬ ಹುಡುಗ ಇದೇ ಪ್ರಶ್ನೆ ಹಿಡ್ಕೊಂಡು ಬರ್ತಾನ. ಸಾವಕಾಶ ಓದು.

ಎಂಟನೇತ್ತಾ ಪಾಸಾಗಿರಬೇಕು ಅನ್ನೂ ನಿಯಮ ಇತ್ತು, ಖರೇನ. ಕೇಂದ್ರ ಮೋಟಾರು ವಾಹನ ನಿಯಮಗಳಾಗ 8ನೇ ನಿಯಮ. ಅದನ್ನ 2019ರಾಗ ತಗದು ಹಾಕ್ಯಾರ. ಗಾಡಿ ಹೊಡಿಯೂ ಕೈ ಇದ್ದೂ ಸಾಲಿ ಕಲೀಲಾರದ ಮಂದಿ ದೇಶದ ತುಂಬ ಎಷ್ಟು ಅದಾರ, ಅವರಿಗೆ ಕೆಲಸ ಸಿಗಲಿ ಅಂತ ತಗದದ್ದು. ನಿನಗ ಖರೇ ಟಿಸಿನೂ ಬ್ಯಾಡ, ಸುಳ್ಳು ಟಿಸಿನೂ ಬ್ಯಾಡ. ಅಂಥಾ ಕಾಗದ ಕೊಟ್ಟು ಸಿಕ್ಕೊಂಡ್ರ ಕೇಸು ಬೀಳೂದು ನಿನ್ನ ಮ್ಯಾಲೆ, ಏಜೆಂಟನ ಹೆಸರು ಎಲ್ಲೂ ಇರೂದಿಲ್ಲ.

ವಯಸ್ಸು: ಸ್ವಂತ ಕಾರಿಗೆ 18, ಬಾಡಗಿ ಗಾಡಿಗೆ 20. ನಿನಗ 26, ಅದು ಮುಗೀತು.

ಇನ್ನ ಬ್ಯಾಡ್ಜ್. ಮದಲ ಹೆಂಗಿತ್ತು ಅಂದ್ರ, ಎಲ್‌ಎಂವಿ ಲೈಸೆನ್ಸ್ ಕೈಗೆ ಬಂದು ಒಂದು ವರ್ಷ ಆಗಬೇಕು, ಆಮ್ಯಾಲೆ ಟ್ರಾನ್ಸ್‌ಪೋರ್ಟಿಗೆ ಬ್ಯಾರೆ ಎಲ್‌ಎಲ್‌ಆರ್, ಬ್ಯಾರೆ ಟೆಸ್ಟ್, ಪೊಲೀಸ್ ವೆರಿಫಿಕೇಶನ್, ಕಡೀಕ ಬ್ಯಾಡ್ಜ್. 2017ರಾಗ ಸುಪ್ರೀಂ ಕೋರ್ಟು ಮುಕುಂದ್ ದೇವಾಂಗನ್ ಅನ್ನೂ ಪ್ರಕರಣದಾಗ ಹೇಳ್ತು: 7,500 ಕೆಜಿ ಒಳಗಿನ ಹಗುರ ಗಾಡಿ ಬಾಡಗೀದಾದ್ರೂ ಎಲ್‌ಎಂವಿ ಲೈಸೆನ್ಸೇ ಸಾಕು. ಅದನ್ನ ಹಿಡ್ಕೊಂಡು 2018ರ ಏಪ್ರಿಲ್‌ನಾಗ ಕೇಂದ್ರದ ಸಾರಿಗೆ ಸಚಿವಾಲಯ ಎಲ್ಲಾ ರಾಜ್ಯಗಳಿಗೂ ಸೂಚನಾ ಕಳಿಸ್ತು. ನಿನ್ನ ಟ್ಯಾಕ್ಸಿ ಕಾರು ತುಂಬಿದ್ರೂ ಮೂರು ಟನ್ ಆಗೂದಿಲ್ಲ. ಅಂದ್ಮ್ಯಾಲೆ ನಿನ್ನ ಕಿಸೇದಾಗಿರೂ ಡಿಎಲ್ ಸಾಕು. ಮುಂದ ಬಸ್ಸು, ದೊಡ್ಡ ಗಾಡಿ ಹೊಡಿಯೂ ಆಸೆ ಇದ್ರ ಆಗ ಟ್ರಾನ್ಸ್‌ಪೋರ್ಟ್ ಮಾಡಸು, ಡಾಕ್ಟರ ಕಡೆ ಆರೋಗ್ಯ ಸರ್ಟಿಫಿಕೇಟಿನ ಫಾರ್ಮ್ 1ಎ ತುಂಬಸು, ನನ್ನಂಥಾ ಸ್ಕೂಲಿಗೆ ಬಾ. ಆ ಲೈಸೆನ್ಸ್ ಮದಲ ಮೂರು ವರ್ಷಕ್ಕೊಮ್ಮೆ ರಿನ್ಯೂ ಮಾಡಸಬೇಕಿತ್ತು, 2019ರ ತಿದ್ದುಪಡಿ ಆದಮ್ಯಾಲೆ ಐದು ವರ್ಷ ಆಗೇದ.

ಸುಳ್ಯದವ

ಮಾಸ್ಟ್ರೆ, ನೀವು ಹೇಳುವುದು ಕಾನೂನಿನಲ್ಲಿ ಸರಿ. ಆದರೆ ನಾನು ಕೆಲಸ ಕೇಳಲಿಕ್ಕೆ ಹೋದ ಟ್ರಾವೆಲ್ಸ್‌ನ ಧಣಿ ಬ್ಯಾಡ್ಜ್ ಇದ್ದರೆ ಮಾತ್ರ ಬಾ ಅಂತ ಹೇಳಿ ಕಳಿಸಿದರು. ಅವರಿಗೆ ಹಿಂದೆ ಒಂದು ಆಕ್ಸಿಡೆಂಟ್ ಕೇಸಿನಲ್ಲಿ ಇನ್ಶೂರೆನ್ಸಿನವರು ಹಣ ಕೊಡ್ಲಿಕ್ಕಿಲ್ಲ ಅಂತ ಕೂತಿದ್ದರಂತೆ, ಡ್ರೈವರ್‌ಗೆ ಟ್ರಾನ್ಸ್‌ಪೋರ್ಟ್ ಇರ್ಲಿಲ್ಲ ಅಂತ ಹೇಳಿ. ಅವರ ಹೆದರಿಕೆಯೂ ಸುಳ್ಳಲ್ಲ.

ಧಾರವಾಡ ಮಾಸ್ತರ

ಅವರ ಹೆದರಿಕಿ ಖರೆ ಅದ. ಇನ್ಶೂರೆನ್ಸ್ ಕಂಪನಿಗಳು ಇದನ್ನ ಇಟ್ಕೊಂಡೇ ಮತ್ತ ಕೋರ್ಟಿಗೆ ಹೋಗಿದ್ವು. ವಿಷಯ ಐದು ಮಂದಿ ನ್ಯಾಯಮೂರ್ತಿಗಳ ಸಂವಿಧಾನ ಪೀಠಕ್ಕ ಹೋತು. 2024ರ ನವೆಂಬರ್ 6ಕ್ಕ ತೀರ್ಪು ಬಂತು. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಪೀಠದಾಗಿದ್ದರು, ತೀರ್ಪು ಬರದವರು ನ್ಯಾಯಮೂರ್ತಿ ಹೃಷಿಕೇಶ್ ರಾಯ್. 2017ರ ಮಾತನ್ನ ಎತ್ತಿ ಹಿಡದ್ರು. ಎಲ್‌ಎಂವಿ ಇದ್ದ ಡ್ರೈವರಗಳೇ ರಸ್ತೆ ಅಪಘಾತಕ್ಕ ಕಾರಣ ಅಂತ ತೋರಸೂ ಅಂಕಿ ಅಂಶ ಯಾರೂ ತಂದು ಕೊಟ್ಟಿಲ್ಲ ಅಂತನೂ ಅದರಾಗ ಬರದಾರ. ನಿಮ್ಮ ಧಣ್ಯಾರಿಗೆ ಆ ತಾರೀಖು ಹೇಳ್ರಿ. ಇಷ್ಟಾದ್ಮ್ಯಾಲೂ ಅವರು ಬ್ಯಾಡ್ಜೇ ಬೇಕು ಅಂದ್ರ ಅದು ಅವರ ಮನಿ ಕಾನೂನು, ಸರ್ಕಾರದ್ದಲ್ಲ.

ಸುಳ್ಯದವ

ತಾರೀಖು ಬರೆದುಕೊಂಡೆ. ಉಪಕಾರ ಆಯ್ತು ಮಾಸ್ಟ್ರೆ.

ರಾತ್ರಿ ಡ್ಯೂಟಿ ಅಕ್ಕ

ತಮ್ಮ, ಡಿಎಲ್ ಸಾಕು ಅಂದ ತಕ್ಷಣ ನಾಳೆಯಿಂದ ಗಾಡಿ ಅಂತಲ್ಲ. ನಾನು ಐದು ವರ್ಷದಿಂದ ಬೆಂಗಳೂರಲ್ಲಿ ಓಡಿಸ್ತಿದ್ದೀನಿ, ಊರು ಮೈಸೂರು. ಆ್ಯಪ್‌ಗೆ ಸೇರೋದಾದರೆ ಕೇಳೋದು ಬೇರೆ.

ನಮ್ಮ ರಾಜ್ಯದಲ್ಲಿ ಆ್ಯಪ್ ಕಂಪನಿಗಳಿಗೆ ಅಂತ 2016ರಲ್ಲೇ ನಿಯಮ ಮಾಡಿದ್ದಾರೆ. ಅದರಲ್ಲಿ ಚಾಲಕನಿಗೆ ಎರಡು ವರ್ಷ ಓಡಿಸಿದ ಅನುಭವ ಇರಬೇಕು, ಕರ್ನಾಟಕದಲ್ಲಿ ಎರಡು ವರ್ಷ ವಾಸ ಇರಬೇಕು, ಕನ್ನಡ ಬರಬೇಕು, ಜೊತೆಗೆ ಇನ್ನೊಂದು ಭಾಷೆ ಗೊತ್ತಿರಬೇಕು, ಇಂಗ್ಲಿಷ್ ಆದರೆ ಒಳ್ಳೇದು ಅಂತಿದೆ. ನಿನಗೆ ಎಲ್ಲ ಸರಿಹೋಗುತ್ತೆ. ಕನ್ನಡ ಬರಬೇಕು ಅನ್ನೋದು ಬರೀ ಅಭಿಮಾನದ ಮಾತು ಅಂತ ಕೆಲವರು ತಿಳ್ಕೊಂಡಿದ್ದಾರೆ. ನಾನು ಹಾಗೆ ನೋಡಲ್ಲ. ಒಂದು ರಾತ್ರಿ ಒಂದೂವರೆಗೆ ಒಬ್ಬ ಅಜ್ಜಿನ ಹತ್ತಿಸಿಕೊಂಡೆ, ಮೊಮ್ಮಗ ಬುಕ್ ಮಾಡಿ ಕಳಿಸಿದ್ದ. ದಾರೀಲಿ ಅವರಿಗೆ ಎದೆ ಹಿಡಿದ ಹಾಗಾಯ್ತು. "ಮಗಾ, ಉಸಿರು ಕಟ್ತೈತೆ" ಅಂದರು. ಆ ಮಾತು ತಿಳಿಯದ ಡ್ರೈವರ್ ಆಗಿದ್ದರೆ ಮ್ಯಾಪ್ ತೋರಿಸಿದ ಕಡೆಗೇ ಹೋಗ್ತಿದ್ದರು. ನಾನು ಜಯದೇವ ಹೃದಯದ ಆಸ್ಪತ್ರೆಗೆ ತಿರುಗಿಸಿದೆ. ಅಜ್ಜಿ ಉಳಿದರು.

ಪೊಲೀಸ್ ವೆರಿಫಿಕೇಷನ್ ಸರ್ಟಿಫಿಕೇಟ್‌ಗೆ ಸರ್ಕಾರದ ಸೇವಾಸಿಂಧು ವೆಬ್‌ಸೈಟಲ್ಲಿ ನೀನೇ ಅರ್ಜಿ ಹಾಕು. ಅದಕ್ಕೂ ಏಜೆಂಟ್ ಬೇಡ. ಈಗಿರೋ ಬಾಡಿಗೆ ಮನೆ ಅಡ್ರೆಸ್‌ಗೆ ಕರಾರು ಪತ್ರ ಇಟ್ಕೋ, ಸ್ಟೇಷನ್‌ನಿಂದ ವಿಚಾರಿಸ್ತಾರೆ. ಆಧಾರ್‌ನಲ್ಲಿ ಒಂದು ಅಡ್ರೆಸ್, ಡಿಎಲ್‌ನಲ್ಲಿ ಒಂದು ಅಡ್ರೆಸ್ ಇದ್ದರೆ ಮೊದಲು ಅದನ್ನ ಸರಿ ಮಾಡು. ನನಗೆ ಇಪ್ಪತ್ತು ದಿನ ತಡ ಆಗಿದ್ದು ಅದರಿಂದಲೇ.

ಹೆಣ್ಣುಮಕ್ಕಳು ಯಾರಾದರೂ ಇದನ್ನ ಓದ್ತಿದ್ದರೆ ನಿಮಗೂ ಇದೇ ನಿಯಮ, ಒಂದಕ್ಷರ ಬೇರೆ ಇಲ್ಲ. 2019ರಲ್ಲಿ ವಿಮಾನ ನಿಲ್ದಾಣದಲ್ಲಿ ಕೆಎಸ್‌ಟಿಡಿಸಿಯವರು (ರಾಜ್ಯದ ಪ್ರವಾಸೋದ್ಯಮ ನಿಗಮ) ಹೆಂಗಸರೇ ಓಡಿಸೋ ಗುಲಾಬಿ ಟ್ಯಾಕ್ಸಿ ಶುರು ಮಾಡಿದಾಗ ನಾನು ಅದನ್ನ ನೋಡೇ ಧೈರ್ಯ ಮಾಡಿದ್ದು. ಕಷ್ಟ ಇರೋದು ಗಾಡೀಲಲ್ಲ, ಬಾತ್‌ರೂಮಲ್ಲಿ. ಯಾವ ಬಂಕ್‌ನಲ್ಲಿ ಬಾಗಿಲಿಗೆ ಚಿಲಕ ಇದೆ, ನೀರು ಬರುತ್ತೆ ಅಂತ ನನ್ನ ಹತ್ತಿರ ಒಂದು ಪಟ್ಟಿ ಇದೆ. ಬೇಕಾದವರು ಕೇಳಿ, ಕಳಿಸ್ತೀನಿ. ನೀರು ಕುಡಿಯೋದು ಬಿಟ್ಟು ಗಾಡಿ ಓಡಿಸಬೇಡಿ. ಇಬ್ಬರು ಗೆಳತಿಯರಿಗೆ ಕಿಡ್ನಿ ಕಲ್ಲಾಗಿದೆ.

ಬಳ್ಳಾರಿ ಬಿಸಿಲು

ನಡುವೆ ಒಂದು ಪ್ರಶ್ನೆ. ನನ್ನ ತಮ್ಮನಿಗೆ ಕೆಂಪು ಹಸಿರು ಬಣ್ಣ ಸ್ವಲ್ಪ ಕಲಸಿದಂಗೆ ಕಾಣ್ತದೆ. ಅವನಿಗೂ ಟ್ಯಾಕ್ಸಿ ಓಡಿಸಬೇಕಂತ ಆಸೆ. ಡಿಎಲ್ಲೇ ಸಿಗಲ್ಲ ಅಂತ ಎಲ್ಲರೂ ಹೇಳಿ ಹುಡುಗ ಕುಗ್ಗಿಬಿಟ್ಟಿದ್ದಾನೆ.

ಧಾರವಾಡ ಮಾಸ್ತರ

ಕುಗ್ಗೂ ಕಾರಣ ಇಲ್ರಿ. 2020ರ ಜೂನ್‌ನಾಗ ಫಾರ್ಮ್ 1 ಮತ್ತ 1ಎ ಎರಡನ್ನೂ ಬದಲು ಮಾಡಿ, ಬಣ್ಣಗುರುಡು ಸೌಮ್ಯ ಅಥವಾ ಮಧ್ಯಮ ಇದ್ದವರಿಗೆ ಲೈಸೆನ್ಸ್ ಕೊಡಬಹುದು ಅಂತ ಮಾಡ್ಯಾರ. ತೀವ್ರ ಇದ್ದವರಿಗೆ ಮಾತ್ರ ಇಲ್ಲ. ಕಣ್ಣಿನ ಡಾಕ್ಟರ ಕಡೆ ಹೋಗಿ ಯಾವ ಮಟ್ಟದ್ದು ಅಂತ ಬರಸ್ಕೊಂಡು ಬರ್ರಿ. ಸಿಗ್ನಲ್ಲಿನಾಗ ಮ್ಯಾಲಿಂದು ಕೆಂಪು, ಕೆಳಗಿಂದು ಹಸಿರು, ಜಾಗದ ಮ್ಯಾಲೆ ತಿಳೀತದ. ನಮ್ಮಲ್ಲೇ ಅಂಥಾ ಇಬ್ಬರು ಹುಡುಗರು ಕಲ್ತು ಹೋಗ್ಯಾರ.

ಬಳ್ಳಾರಿ ಬಿಸಿಲು

ಅವನಿಗೆ ಇದನ್ನ ಓದಿ ಹೇಳಿದೆ. ಸೋಮವಾರ ಕರಕೊಂಡು ಹೋಗ್ತೀನಿ.

ಹಳೇ ಅಂಬಾಸಿಡರ್

ಈಗ ಹುಡುಗನ ಎರಡನೇ ಪ್ರಶ್ನೆಗೆ ಬರೋಣ. ಎಲ್ಲರೂ ಕಾಗದದ ವಿಷಯ ಹೇಳಿದ್ದೀರಿ, ಗಾಡಿ ತಗೋಬೇಕೋ ಬೇಡವೋ ಅಂತ ಯಾರೂ ಹೇಳಿಲ್ಲ. ನನಗೆ ಅದೇ ದೊಡ್ಡದು.

ನಾನು ಟ್ಯಾಕ್ಸಿ ಹಿಡಿದು 27 ವರ್ಷ ಆಯ್ತು ಕಣಪ್ಪ. ಶುರು ಮಾಡಿದ್ದು ಮೆಜೆಸ್ಟಿಕ್ ಸ್ಟ್ಯಾಂಡಿನಲ್ಲಿ, ಧಣಿಗಳ ಅಂಬಾಸಿಡರ್‌ನಲ್ಲಿ. ಆಗ ಬ್ಯಾಡ್ಜ್ ಅಂಗಿ ಮೇಲೆ ಕಾಣೋ ಹಾಗೆ ಚುಚ್ಚಿಕೊಳ್ಳಬೇಕಿತ್ತು. ಅದನ್ನ ಹಾಕ್ಕೊಂಡು ಮೊದಲ ದಿನ ಮನೆಗೆ ಹೋದಾಗ ನಮ್ಮವ್ವ ಸೆರಗಿನಲ್ಲಿ ಒರೆಸಿ ನೋಡಿದಳು. ಈಗ ಬ್ಯಾಡ್ಜ್ ಬೇಡ ಅಂದಿದ್ದು ಬಡವರಿಗೆ ಒಳ್ಳೇದೇ, ಅದರ ಮೇಲೆ ನನಗೆ ತಕರಾರಿಲ್ಲ. ಆದರೆ ಬ್ಯಾಡ್ಜ್ ಸಿಗೋಕೆ ಮುಂಚೆ ಒಂದೆರಡು ವರ್ಷ ಇನ್ನೊಬ್ಬರ ಕೈಕೆಳಗೆ ಇದ್ದು ಕಲೀತಿದ್ವಲ್ಲ, ಆ ಕಲಿಕೆ ಈಗ ಇಲ್ಲ. ಡಿಎಲ್ ಇದೆ, ಲೋನ್ ಸಿಗುತ್ತೆ, ಗಾಡಿ ಮನೆ ಮುಂದೆ ಬಂದು ನಿಲ್ಲುತ್ತೆ. ಹುಡುಗರು ಮುಳುಗೋದು ಅಲ್ಲೇ.

ನಂದೇ ಕೇಳು. 2008ರ ಮೇ 24ಕ್ಕೆ ಏರ್‌ಪೋರ್ಟ್ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋಯ್ತು. ಡ್ಯೂಟಿ ಉದ್ದ ಆಯ್ತು, ಕೈಗೆ ಕಾಸು ಬಂತು. ಅದೇ ಧೈರ್ಯದಲ್ಲಿ ಒಂದು ಸ್ವಂತ ಗಾಡಿ ಮಾಡಿದೆ, ಅದನ್ನ ತೀರಿಸಿದೆ. 2013ರ ಮೇಲೆ ಆ್ಯಪ್‌ಗಳು ಬಂದವು. ಟ್ರಿಪ್‌ಗೆ ಇಷ್ಟು, ದಿನಕ್ಕೆ ಇಷ್ಟು ಮುಗಿಸಿದರೆ ಇನ್ನಷ್ಟು ಅಂತ ಇನ್ಸೆಂಟಿವ್ ಸುರಿದರು. ಅದನ್ನ ಶಾಶ್ವತ ಅಂದುಕೊಂಡು 2016ರಲ್ಲಿ ಎರಡನೇ ಗಾಡಿಗೆ ಲೋನ್ ಮಾಡಿದೆ. ವರ್ಷ ತುಂಬೋದರೊಳಗೆ ಇನ್ಸೆಂಟಿವ್ ಕಡಿಮೆ ಆಯ್ತು. 2017ರ ಫೆಬ್ರವರಿಯಲ್ಲಿ ಬೆಂಗಳೂರಿನ ಡ್ರೈವರ್‌ಗಳು ಮುಷ್ಕರ ಹೂಡಿದ್ದು ಬಹಳ ಜನಕ್ಕೆ ನೆನಪಿರಬೇಕು, ನಾನೂ ಅದರಲ್ಲಿದ್ದೆ. ಆಮೇಲೆ 2020ರ ಮಾರ್ಚ್. ಗಾಡಿ ಮನೆ ಮುಂದೆ ನಿಂತು ಟೈರಿಗೆ ಜೇಡ ಬಲೆ ಕಟ್ಟಿತು. ಸರ್ಕಾರ ಕೊಟ್ಟ 5,000 ರೂಪಾಯಿಗೆ ಸೇವಾಸಿಂಧುವಲ್ಲಿ ಅರ್ಜಿ ಹಾಕಿದೆ, ಬಂತು, ಎರಡು ವಾರದ ಅಕ್ಕಿ ಬೇಳೆ ಆಯ್ತು. ಕಂತು ತಿಂಗಳಿಗೆ 15,800 ಇತ್ತು. ಎರಡನೇ ಗಾಡಿ ಫೈನಾನ್ಸಿನವರು ಎತ್ಕೊಂಡು ಹೋದರು. ಆವತ್ತು ಮಗಳು ಬಾಗಿಲಲ್ಲಿ ನಿಂತು ನೋಡ್ತಿದ್ದಳು.

ಅದಕ್ಕೇ ಹೇಳೋದು. ಒಂದು ವರ್ಷ ಇನ್ನೊಬ್ಬರ ಗಾಡಿ ಓಡಿಸು. ಸಂಬಳಕ್ಕೋ ಬಾಟಾಕ್ಕೋ (ದಿನದ ಭತ್ಯೆ) ಟ್ರಾವೆಲ್ಸ್‌ಗೆ ಸೇರು, ಇಲ್ಲಾ ಕರೆದಾಗ ಹೋಗಿ ಅವರ ಗಾಡಿ ಓಡಿಸೋ ಆ್ಯಕ್ಟಿಂಗ್ ಡ್ರೈವರ್ ಆಗು. ಆ ಒಂದು ವರ್ಷದಲ್ಲಿ ನಿನಗೆ ನೀನೇ ಏನು ಅಂತ ಗೊತ್ತಾಗುತ್ತೆ. ಹತ್ತು ಗಂಟೆ ಕೂರೋಕೆ ಸೊಂಟ ಒಪ್ಪುತ್ತಾ? ಆ ಮೊಣಕಾಲು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕ್ಲಚ್ ಒತ್ತಿ ಒತ್ತಿ ತಡೆಯುತ್ತಾ? ಎಡಗಾಲೋ ಬಲಗಾಲೋ ನೀನು ಹೇಳಿಲ್ಲ. ಖಾಲಿ ಓಡೋ ಕಿಲೋಮೀಟರ್ ಎಷ್ಟು ಅಂತ ದಿನಾ ಬರೀ. ಗಿರಾಕಿ ಕೂತ ಕಿಲೋಮೀಟರ್‌ಗೆ ಮಾತ್ರ ದುಡ್ಡು, ಗ್ಯಾಸು ಎರಡಕ್ಕೂ ಉರಿಯುತ್ತೆ.

ಲೆಕ್ಕದ ಪುಸ್ತಕ

ಅಣ್ಣ ಹೇಳಿದ್ದಕ್ಕೆ ನಾನೊಂದು ಸೇರಿಸ್ತೀನಿ. ನಮ್ಮ ಯಜಮಾನರು ಡ್ರೈವರ್, ಲೆಕ್ಕ ಬರೆಯೋದು ನಾನು. ಹೋದ ತಿಂಗಳದ್ದು ಹೇಳ್ತೀನಿ ಕೇಳು ತಮ್ಮ. 26 ದಿನ ಓಡಿಸಿದರು. ಕೈಗೆ ಬಂದಿದ್ದು 71,300. ಸಿಎನ್‌ಜಿ 19,400. ಕಂತು 16,200. ಆ್ಯಪ್‌ಗೆ ದಿನದ ಪಾಸ್ ಕಟ್ಟಿದ್ದು 2,600. ಸರ್ವಿಸ್ಸು, ಪಂಕ್ಚರ್ರು, ತೊಳೆಸೋದು 3,100. ಹೊರಗಡೆ ಊಟ ಟೀ 4,700. ಇನ್ಶೂರೆನ್ಸು, ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟ್), ಟೈರು ಅಂತ ವರ್ಷಕ್ಕೊಮ್ಮೆ ಬರೋದಕ್ಕೆ ನಾನು ತಿಂಗಳಿಗೆ 6,000 ಬೇರೆ ಡಬ್ಬೀಲಿ ಎತ್ತಿಡ್ತೀನಿ. ಉಳಿದಿದ್ದು 19,300. ದಿನಕ್ಕೆ ಹನ್ನೆರಡು ಹದಿಮೂರು ಗಂಟೆ ದುಡಿದು ಇಷ್ಟು.

ಡಬ್ಬಿ ಇಲ್ಲದ ಮನೆಗಳಲ್ಲಿ ಇನ್ಶೂರೆನ್ಸ್ ಬಂದ ತಿಂಗಳು ಒಡವೆ ಅಡ ಇಡ್ತಾರೆ. ನಾವೂ ಇಟ್ಟಿದ್ದೀವಿ. ಹಳದಿ ಬೋರ್ಡ್ ಇನ್ಶೂರೆನ್ಸ್ ಸ್ವಂತ ಗಾಡಿಗಿಂತ ಹೆಚ್ಚು. ಹೊಸ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ವರ್ಷ ವರ್ಷ. ಹಳೇ ಗಾಡಿ ಕಡಿಮೆಗೆ ಸಿಗ್ತು ಅಂತ ತಗೊಳ್ಳೋರು ಇದನ್ನ ನೋಡ್ಕೊಳ್ಳಿ.

ನೀನು ಓಡಿಸೋ ಹುಡುಗ, ಸರಿ. ಲೆಕ್ಕ ಬರೆಯೋರು ಮನೇಲಿ ಯಾರಿದ್ದಾರೆ?

ಕೊಳ್ಳೇಗಾಲದ ಹುಡುಗ

ಎಲ್ಲರಿಗೂ ಕೈ ಮುಗಿದೆ. ಟಿಸಿ ಬೇಡ ಅಂತ ಓದಿದಾಗ ಎದೆ ಮೇಲಿನ ಕಲ್ಲು ಇಳಿಸಿದ ಹಾಗಾಯ್ತು ಮಾಸ್ತರೆ. ಅಂಬಾಸಿಡರ್ ಅಣ್ಣ, ಪೆಟ್ಟಾಗಿರೋದು ಎಡಗಾಲು. ಅಕ್ಕ, ನಮ್ಮಮ್ಮ ಓದಿಲ್ಲ, ತಂಗಿ ಪಿಯುಸಿ ಕಾಮರ್ಸ್. ಅವಳು ಬರೀತಾಳೆ.

ಇನ್ನೊಂದು ಕೇಳ್ತೀನಿ. ಗೆಳೆಯನೊಬ್ಬ ಅವನ ಸ್ವಂತ ಬಿಳಿ ಬೋರ್ಡ್ ಗಾಡಿ ಕೊಡ್ತೀನಿ, ವಾರಾಂತ್ಯ ನಂದಿಬೆಟ್ಟ, ತಿರುಪತಿ ಅಂತ ಓಡಿಸು, ಅರ್ಧ ಅರ್ಧ ಅಂತಿದ್ದಾನೆ. ಕಲಿಯೋಕೆ ಅದು ಆಗಬಹುದಾ?

ಕೆ.ಆರ್.ಪುರದ ಕ್ಯಾಬ್

ಬೇಡ. ಗೆಳೆಯ ಎಷ್ಟೇ ಒಳ್ಳೆಯವನಿರಲಿ, ಬೇಡ. ಪರ್ಮಿಟ್ ಇಲ್ಲದೆ ಬಾಡಿಗೆ ಹೊಡೆದರೆ ಮೋಟಾರು ವಾಹನ ಕಾಯ್ದೆಯ 192ಎ ಕಲಂನಲ್ಲಿ ಹತ್ತು ಸಾವಿರ ದಂಡ, ಜೈಲೂ ಇದೆ, ಗಾಡಿ ಸೀಜ್ ಮಾಡ್ತಾರೆ. ಅದಕ್ಕಿಂತ ದೊಡ್ಡದು, ದಾರೀಲಿ ಏನಾದರೂ ಆದರೆ ಇನ್ಶೂರೆನ್ಸಿನವರು ಬಾಡಿಗೆಗೆ ಬಿಟ್ಟ ಸ್ವಂತ ಗಾಡಿ ಅಂತ ಕೈ ಎತ್ತುತ್ತಾರೆ. ಹಿಂದೆ ಕೂತ ಐದು ಜನರ ಮನೆಯವರಿಗೆ ನೀನು ಏನು ಹೇಳ್ತೀಯ?

ಹಳದಿ ಬೋರ್ಡ್ ಅಂದರೆ ಬರೀ ಬಣ್ಣ ಅಲ್ಲ ತಮ್ಮ. ಎಫ್‌ಸಿ, ಪರ್ಮಿಟ್, ಎಮಿಷನ್, 80ಕ್ಕೆ ನಿಲ್ಲೋ ಸ್ಪೀಡ್ ಗವರ್ನರ್, ಜಿಪಿಎಸ್ ಮತ್ತು ಪ್ಯಾನಿಕ್ ಬಟನ್ ಎಲ್ಲ ಸೇರಿ ಹಳದಿ ಬೋರ್ಡ್. ಆ ಪ್ಯಾನಿಕ್ ಬಟನ್ ಸೆಟ್‌ಗೆ ನಮ್ಮ ರಾಜ್ಯದಲ್ಲಿ 7,599 ರೂಪಾಯಿ, ಜಿಎಸ್‌ಟಿ ಬೇರೆ. ಹಾಕಿಸುವಾಗ ನನಗೂ ಸಂಕಟ ಆಯ್ತು. ಆದರೆ ನಮ್ಮನೆ ಹುಡುಗಿ ಗೊತ್ತಿಲ್ಲದ ಗಾಡಿ ಹತ್ತುವಾಗ ಆ ಬಟನ್ ಇರಲಿ ಅಂತ ನಾನೇ ಬಯಸ್ತೀನಲ್ಲ.

ದಾವಣಗೆರೆ ಎಕ್ಸ್‌ಪ್ರೆಸ್

ಅಂಬಾಸಿಡರ್ ಅಣ್ಣನ ಮಾತಿಗೆ ನಂದೊಂದು ಭಿನ್ನಾಭಿಪ್ರಾಯ. ಎಲ್ಲರೂ ಒಂದು ವರ್ಷ ಕಾಯಿ ಅಂದರೆ ಬಡವನ ಮಗ ಯಾವಾಗ ಮಾಲೀಕ ಆಗೋದು? ಸರ್ಕಾರದ ಸ್ವಾವಲಂಬಿ ಸಾರಥಿ ಯೋಜನೆ ಇದೆ. ಪರಿಶಿಷ್ಟ ಜಾತಿ ಪಂಗಡದವರಿಗೆ ಗಾಡಿ ಬೆಲೆಯ 75 ಭಾಗ, ಗರಿಷ್ಠ 4 ಲಕ್ಷ ಸಹಾಯಧನ. ಹಿಂದುಳಿದ ವರ್ಗ, ಅಲ್ಪಸಂಖ್ಯಾತರಿಗೆ ಅರ್ಧ, ಗರಿಷ್ಠ 3 ಲಕ್ಷ. ಆಯಾ ಸಮುದಾಯದ ಅಭಿವೃದ್ಧಿ ನಿಗಮಕ್ಕೆ ಅರ್ಜಿ ಹಾಕಬೇಕು. ನಾನು ಹಾಗೇ ಗಾಡಿ ಮಾಡಿದ್ದು. ಕಂತು ತಿಂಗಳಿಗೆ 8,900 ಮಾತ್ರ. ಅದೇ ಗಾಡಿ ಪೂರ್ತಿ ಲೋನಲ್ಲಿ ತಗೊಂಡಿದ್ದರೆ ನಾನೂ ಮುಳುಗ್ತಿದ್ದೆ.

ಹಳೇ ಅಂಬಾಸಿಡರ್

ಸಹಾಯಧನ ಸಿಕ್ಕಿದರೆ ನಾನು ಬೇಡ ಅನ್ನಲ್ಲ ತಮ್ಮ. ನಿನಗೆ ಸಿಕ್ಕಿದ್ದು ನನಗೂ ಸಂತೋಷ. ಆದರೆ ಅರ್ಜಿ ಹಾಕಿದವರೆಲ್ಲರ ಹೆಸರೂ ಪಟ್ಟೀಲಿ ಬರಲ್ಲ, ವರ್ಷ ಹಿಡಿಯುತ್ತೆ. ಆ ವರ್ಷ ಹುಡುಗ ಇನ್ನೊಬ್ಬರ ಗಾಡಿ ಓಡಿಸಲಿ ಅಂತಲೇ ನಾನು ಹೇಳೋದು.

ದಾವಣಗೆರೆ ಎಕ್ಸ್‌ಪ್ರೆಸ್

ಹಾಗಾದರೆ ಇವತ್ತೇ ಅರ್ಜಿಗೆ ಬೇಕಾದ ಜಾತಿ ಆದಾಯ ಪತ್ರ ಮಾಡಿಸಿಡಲಿ. ಕಾಯೋದು ಅಂದರೆ ಸುಮ್ಮನೆ ಕೂರೋದು ಆಗಬಾರದು ಅಣ್ಣ, ಅಷ್ಟೇ ನನ್ನ ಮಾತು.

ಲೀಸ್‌ನಲ್ಲಿ ಸುಟ್ಟುಕೊಂಡವ

ಇನ್ನೊಬ್ಬರ ಗಾಡಿ ಅಂದಾಗ ಲೀಸ್ ಗಾಡಿ ಕಡೆ ಹೋಗಬೇಡ. ನಾನು ಹೋಗಿದ್ದೆ. 21,000 ಡಿಪಾಸಿಟ್, ದಿನಕ್ಕೆ 1,100 ಬಾಡಿಗೆ. ಅವ್ವನಿಗೆ ಹುಷಾರಿಲ್ಲ ಅಂತ ನಾಲ್ಕು ದಿನ ಊರಿಗೆ ಹೋದರೂ ಬಾಡಿಗೆ ಓಡ್ತಲೇ ಇತ್ತು. ಬಿಡುವಾಗ ಬಂಪರ್ ಗೀರಿದೆ, ಟೈರ್ ಸವೆದಿದೆ ಅಂತ ಡಿಪಾಸಿಟ್‌ನಲ್ಲಿ 3,000 ಮಾತ್ರ ವಾಪಸ್ ಕೊಟ್ಟರು. ಅಗ್ರಿಮೆಂಟ್ ಹದಿನಾಲ್ಕು ಪುಟ ಇಂಗ್ಲಿಷ್‌ನಲ್ಲಿತ್ತು, ಓದದೆ ಸೈನ್ ಹಾಕಿದ್ದೆ. ಹೋಗಲೇಬೇಕು ಅಂದರೆ ಗಾಡಿ ತಗೊಳ್ಳೋ ದಿನ ಸುತ್ತ ವಿಡಿಯೊ ಮಾಡ್ಕೋ, ರಜೆ ದಿನದ ಬಾಡಿಗೆ ಏನು ಅಂತ ಬರೆಸ್ಕೋ, ತಂಗಿ ಕೈಲಿ ಅಗ್ರಿಮೆಂಟ್ ಓದಿಸು.

ರಾತ್ರಿ ಡ್ಯೂಟಿ ಅಕ್ಕ

ರೇಟಿನ ವಿಷಯ ಯಾರೂ ಹೇಳಿಲ್ಲ. 2024ರ ಫೆಬ್ರವರಿಯಲ್ಲಿ ಸರ್ಕಾರ ಟ್ಯಾಕ್ಸಿ ದರ ಒಂದೇ ಮಾಡಿತು. 10 ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿಲೋಮೀಟರ್ 100 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 24. 10ರಿಂದ 15 ಲಕ್ಷದ ಗಾಡಿಗೆ 115, 28. ಅದರ ಮೇಲಿನದಕ್ಕೆ 130, 32. ರಾತ್ರಿ 12ರಿಂದ ಬೆಳಿಗ್ಗೆ 6ರ ತನಕ ಶೇಕಡ 10 ಹೆಚ್ಚು. ಕಾಯೋಕೆ ಮೊದಲ ಐದು ನಿಮಿಷ ಬಿಟ್ಟಿ, ಆಮೇಲೆ ನಿಮಿಷಕ್ಕೆ 1 ರೂಪಾಯಿ. 120 ಕೆಜಿ ತನಕ ಲಗೇಜ್‌ಗೆ ಕಾಸು ಕೇಳೋ ಹಾಗಿಲ್ಲ. ಇದನ್ನ ಬಾಯಿಪಾಠ ಮಾಡ್ಕೋ. ಗಿರಾಕಿ ಜಗಳಕ್ಕೆ ಬಂದಾಗ ದನಿ ಏರಿಸದೆ ಇದನ್ನ ಹೇಳಿದರೆ ಅರ್ಧ ಜನ ತಣ್ಣಗಾಗ್ತಾರೆ.

2025ರಲ್ಲಿ ಗಿಗ್ ಕಾರ್ಮಿಕರಿಗೆ (ನಮ್ಮ ಹಾಗೆ ಆ್ಯಪ್‌ನಲ್ಲಿ ದುಡಿಯೋರು) ಅಂತ ರಾಜ್ಯದಲ್ಲಿ ಕಾಯ್ದೆ ಬಂದಿದೆ, ಪ್ರತಿ ಟ್ರಿಪ್‌ನ ಲೆಕ್ಕದಲ್ಲಿ ಕಂಪನಿಯವರು ಶೇಕಡ 1ರಿಂದ 5ರಷ್ಟು ಕಲ್ಯಾಣ ನಿಧಿಗೆ ಕಟ್ಟಬೇಕು. ಆ್ಯಪ್‌ಗೆ ಸೇರಿದ ಮೇಲೆ ಅದರಲ್ಲಿ ನಿನ್ನ ಹೆಸರು ಇದೆಯಾ ನೋಡ್ಕೋ. ನೋಡದೆ ಬಿಟ್ಟವರೇ ಹೆಚ್ಚು, ಅದು ನನಗೆ ಬೇಜಾರು.

ಕೊಳ್ಳೇಗಾಲದ ಹುಡುಗ
(ನಾಲ್ಕು ತಿಂಗಳ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಶೋರೂಮಿನವರಿಗೆ ಬೇಡ ಅಂದೆ. 1 ಲಕ್ಷ 40 ಸಾವಿರ ಬ್ಯಾಂಕ್‌ನಲ್ಲೇ ಇದೆ. ಪೊಲೀಸ್ ವೆರಿಫಿಕೇಷನ್ ಸೇವಾಸಿಂಧುವಲ್ಲಿ ನಾನೇ ಹಾಕಿದೆ, ಅಕ್ಕ ಹೇಳಿದ ಹಾಗೆ ಮೊದಲು ಡಿಎಲ್‌ನಲ್ಲಿ ಅಡ್ರೆಸ್ ಸರಿ ಮಾಡಿಸಿದೆ. ರಾಜಾಜಿನಗರದ ಒಂದು ಸಣ್ಣ ಟ್ರಾವೆಲ್ಸ್‌ನಲ್ಲಿ ಸಂಬಳಕ್ಕೆ ಸೇರಿದ್ದೀನಿ. 17,000, ಹೊರಗಡೆ ಡ್ಯೂಟಿಗೆ ಬಾಟಾ ಬೇರೆ. ಧಣಿಗಳೂ ಮೊದಲು ಬ್ಯಾಡ್ಜ್ ಕೇಳಿದರು. ನವೆಂಬರ್ 6ರ ತೀರ್ಪು ಫೋನಲ್ಲಿ ತೋರಿಸಿದೆ. ಅವರ ಇನ್ಶೂರೆನ್ಸ್ ಏಜೆಂಟ್‌ಗೆ ಫೋನ್ ಮಾಡಿ ಕೇಳಿ ಒಪ್ಪಿದರು.

ಮೊದಲ ತಿಂಗಳು ಎಡ ಮೊಣಕಾಲು ಊದಿಕೊಳ್ತಿತ್ತು. ಈಗ ಸಿಗ್ನಲ್‌ನಲ್ಲಿ ನ್ಯೂಟ್ರಲ್ ಹಾಕಿ ಕಾಲು ತೆಗೀತೀನಿ, ಪರವಾಗಿಲ್ಲ. ಮುಂದೆ ಗಾಡಿ ಮಾಡಿದರೆ ಕ್ಲಚ್ ಇಲ್ಲದ್ದೇ ನೋಡಬೇಕು, ಅದು ಈಗ ಗೊತ್ತಾಯ್ತು. ತಂಗಿ ಲೆಕ್ಕ ಬರೀತಿದ್ದಾಳೆ. ಖಾಲಿ ಓಡಿದ ಕಿಲೋಮೀಟರ್‌ಗೆ ಕೆಂಪು ಇಂಕು. ಹೋದ ತಿಂಗಳು ನೂರರಲ್ಲಿ 38 ಕೆಂಪು. ನಿಗಮಕ್ಕೆ ಅರ್ಜಿನೂ ಹಾಕಿದ್ದೀನಿ ದಾವಣಗೆರೆ ಅಣ್ಣ.

ನಾಳೆ ಬೆಳಗಿನ ಜಾವ ನಾಲ್ಕಕ್ಕೆ ಮಂತ್ರಾಲಯ ಡ್ಯೂಟಿ. ಬೇರೆ ರಾಜ್ಯಕ್ಕೆ ಹೋಗ್ತಿರೋದು ಇದೇ ಮೊದಲು. ಏನೇನು ನೋಡ್ಕೋಬೇಕು?

ಹಳೇ ಅಂಬಾಸಿಡರ್

ಆಲ್ ಇಂಡಿಯಾ ಪರ್ಮಿಟ್ ಇದೆಯಾ, ತಾರೀಖು ಮುಗಿದಿಲ್ಲ ತಾನೇ ಅಂತ ಈಗಲೇ ಧಣಿನ ಕೇಳು. 2021ರಿಂದ ಅದಕ್ಕೆ ಆನ್‌ಲೈನ್‌ನಲ್ಲೇ ಒಂದೇ ಕಡೆ ದುಡ್ಡು ಕಟ್ಟೋದು, ಅದಿದ್ದರೆ ಗಡೀಲಿ ಬೇರೆ ಟ್ಯಾಕ್ಸ್ ಕಟ್ಟೋ ತಾಪತ್ರಯ ಇಲ್ಲ. ಆರ್‌ಸಿ, ಇನ್ಶೂರೆನ್ಸ್, ಎಫ್‌ಸಿ ಡಿಜಿಲಾಕರ್‌ನಲ್ಲಿದ್ದರೆ ಕಾನೂನಿಗೆ ಸಾಕು, ಆದರೂ ಜೆರಾಕ್ಸ್ ಒಂದು ಸೆಟ್ ಡ್ಯಾಶ್‌ಬೋರ್ಡ್‌ನಲ್ಲಿಡು, ಫೋನ್ ಚಾರ್ಜ್ ಹೋದರೆ ಅದೇ ಗತಿ. ಬಾಗೇಪಲ್ಲಿ ದಾಟಿ ಅನಂತಪುರ, ಗುಂತಕಲ್, ಆದೋನಿ. ಗಿರಾಕಿ ಎಷ್ಟೇ ಅವಸರ ಮಾಡಲಿ, ಅನಂತಪುರದಲ್ಲಿ ಗಾಡಿ ನಿಲ್ಲಿಸಿ ಮುಖ ತೊಳ್ಕೋ.

ಕೊಳ್ಳೇಗಾಲದ ಹುಡುಗ

ಪರ್ಮಿಟ್ ಇದೆ ಅಣ್ಣ, ಮಾರ್ಚ್ ತನಕ. ಜೆರಾಕ್ಸ್ ಈಗ ಹೋಗಿ ಮಾಡಿಸ್ತೀನಿ.

ಹಳೇ ಅಂಬಾಸಿಡರ್

ಮಾಡಿಸಿ ಬಂದು ಒಂಬತ್ತಕ್ಕೆ ಮಲಗಿಬಿಡು. ಸ್ಟೆಪ್ನಿಗೆ ಗಾಳಿ ಇದೆಯಾ ನೋಡಿದ್ಯಾ?